ರುಜು ಹಾಕುವ ಕೆಲಸ

ಕುವೆಂಪು ಯಾರಿಗೆ ಸೇರಿದವರು ಎಂಬ ಬಗ್ಗೆ ಕೊಪ್ಪ ತಾಲ್ಲೂಕಿಗೂ ತೀರ್ಥಹಳ್ಳಿ ತಾಲ್ಲೂಕಿಗೂ ಇರುವ ತಕರಾರು ಇನ್ನೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಎಂಬುದೇ ಒಂದು ಆಶ್ಚರ್ಯ. ಅಗಳು ಒಂದು ಮೊಳ ಆಚೆಗೆ ಸರಿಯಿತೆಂದು ಎರಡು ತಲೆಮಾರು ವಕೀಲರ ಮನೆಗೆ ಎಡತಾಕಿ, ಕಡೆಗೆ ಗೆದ್ದ ಮೊಳದಲ್ಲಿ ಒಂದು ಅಡಿಕೆ ಸಸಿಯನ್ನೂ ನೆಡಲಾಗದೆ ಹೋದವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅಂಥ ಜನ ಒಬ್ಬ ಮಹಾಕವಿಯನ್ನು ಸುಮ್ಮನೆ ಬಿಟ್ಟುಕೊಟ್ಟರೆಂದರೆ ಅದರ ಹಿಂದೆ ಏನೋ ಒಂದು ದಾಕ್ಷಿಣ್ಯ ಇರಲೇಬೇಕು.

ಕಾಗದಪತ್ರದ ಮಟ್ಟಿಗೆ ನಮ್ಮ ಕಡೆಯ ಹಕ್ಕು ಗಟ್ಟಿಯಾಗಿಯೇ ಇದೆ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಹಿರೇಕೊಡಿಗೆ ಕೊಪ್ಪ ತಾಲ್ಲೂಕು. ನಮ್ಮ ಭಂಡಿಗಡಿಯೂ ಕೊಪ್ಪ ತಾಲ್ಲೂಕು. ಆದರೆ ಬಾಣಂತನ ಮುಗಿಸಿಕೊಂಡು ತಾಯಿ ಮಗು ಕುಪ್ಪಳಿಗೆ ಹೋದದ್ದೇ ತಡ, ಕವಿ ತೀರ್ಥಹಳ್ಳಿಯವರಾಗಿಬಿಟ್ಟರು. ಈಗ ಕೊಪ್ಪದಿಂದ ತೀರ್ಥಹಳ್ಳಿಗೆ ಹೊರಟು ಗಡಿಕಲ್ಲಿನ ಹತ್ತಿರ ಒಳಕ್ಕೆ ತಿರುಗಿದರೆ ಕವಿಮನೆ, ಕವಿಶೈಲ, ಬಂಡೆಗಳನ್ನು ನಿಲ್ಲಿಸಿದ ಸ್ಮಾರಕ, ಬಸ್ಸುಗಟ್ಟಲೆ ಶಾಲಾ ಮಕ್ಕಳು ಎಲ್ಲವೂ ಸಿಗುತ್ತವೆ. ನಮ್ಮ ಪಾಲಿಗೆ ಉಳಿದದ್ದು ಹೆರಿಗೆ ಒಂದೇ.

‘ಬಾಣಂತನ ಅಂದ್ರೆ ಸಣ್ಣ ಕೆಲ್ಸ ಅಂದ್ಕಂಡ್ಯನಾ?’ ಎಂದು ನನ್ನ ಚಿಕ್ಕಯ್ಯ ಈ ಮಾತು ಬಂದಾಗಲೆಲ್ಲ ಕೇಳುತ್ತಿದ್ದರು. ‘ಹಂಡೆ ನೀರು ಕಾಯ್ಸಿದ್ದು ನಾವು, ಕಷಾಯ ಕುದ್ಸಿದ್ದು ನಾವು. ಖರ್ಚೆಲ್ಲ ತವರಿನೋರ್ದು, ಹೆಸ್ರು ಮಾತ್ರ ಅಪ್ಪನ ಮನೆಯೋರ್ದು. ಲೋಕಾರೂಢಿ ಮಾರಾಯ, ಎಂತ ಮಾಡಕ್ಕಾಗ್ತದೆ!’

ನಾನು ಹೇಳಹೊರಟಿರುವುದು ಕವಿಯ ಬಗ್ಗೆ ಅಲ್ಲ. ಕವಿಯ ಬಗ್ಗೆ ಹೇಳುವವರಿಗೆ ಬರಗಾಲವಿಲ್ಲ. ಶಾಲೆಯ ಪಠ್ಯಪುಸ್ತಕಗಳಲ್ಲಿ ಪದ್ಯದ ಕೊನೆಗೆ ‘ಕವಿ ಪರಿಚಯ’ ಅಂತ ಒಂದು ಚೌಕ ಇರುತ್ತದಲ್ಲ, ಅದರಲ್ಲಿ ಹುಟ್ಟಿದ ಊರು, ಕೃತಿಗಳು, ಪ್ರಶಸ್ತಿಗಳ ನಡುವೆ ‘ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು’ ಎಂಬ ಒಂದು ಸಾಲು ಸಿಕ್ಕಿಕೊಂಡಿರುತ್ತದೆ. ಮೇಷ್ಟರೂ ಅದನ್ನು ಓಡಿಸಿಕೊಂಡು ಹೋಗುತ್ತಾರೆ, ಮಕ್ಕಳೂ ಹಾರಿಸುತ್ತಾರೆ. ನಾನೂ ಮೇಷ್ಟರಾಗಿದ್ದವನು, ಓಡಿಸಿಕೊಂಡು ಹೋದವರ ಪೈಕಿಯೇ. ಆ ಒಂದು ಸಾಲಿನ ಮೇಲೆ ನನಗೆ ಆಸೆ ಹುಟ್ಟಿದ್ದು ನಿವೃತ್ತನಾಗಿ ಊರಿಗೆ ಬಂದು, ಚಿಕ್ಕಯ್ಯನ ಅಟ್ಟ ಗುಡಿಸುವ ಕೆಲಸಕ್ಕೆ ಕೈಹಾಕಿದ ಮೇಲೆ.

ಕುವೆಂಪು ಆ ಹುದ್ದೆಗೆ ಬಂದದ್ದು 1956ರಲ್ಲಿ. ಆ ವರ್ಷ ನಮ್ಮ ಸೀಮೆಗೆ ಶುಕ್ರದೆಸೆ. ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಆಗಸ್ಟ್ 19ರಿಂದ ಅಕ್ಟೋಬರ್ 31ರ ತನಕ ಮುಖ್ಯಮಂತ್ರಿಗಳಾಗಿದ್ದರು. ಮಾರನೆಯ ದಿನ ನವೆಂಬರ್ 1, ಕನ್ನಡ ನಾಡೆಲ್ಲ ಒಂದಾಯಿತು. ಇಷ್ಟೆಲ್ಲ ಆಗುವಾಗ ಭಂಡಿಗಡಿಯಲ್ಲಿ ಎಂದಿನಂತೆ ಮಳೆ ಹೊಯ್ಯುತ್ತಿತ್ತು, ಕೊಳೆರೋಗಕ್ಕೆ ಮದ್ದು ಹೊಡೆಯುವ ಚಿಂತೆಯಲ್ಲಿ ಜನ ಇದ್ದರು. ಪೇಪರು ಬಂದರೆ ಬಂತು, ಬರುವುದರೊಳಗೆ ನೆನೆದು ಹಪ್ಪಳದ ಹಿಟ್ಟಾಗಿರುತ್ತಿತ್ತು. ಇಂಟರ್‌ಮೀಡಿಯೆಟ್ ಪಾಸಾಗದೆ ತೋಟಕ್ಕೆ ಇಳಿದಿದ್ದ ಚಿಕ್ಕಯ್ಯ ಅದನ್ನು ಒಲೆಯ ದಂಡೆಯ ಮೇಲೆ ಒಣಗಿಸಿ ಅಜ್ಜಯ್ಯನಿಗೆ ಓದಿ ಹೇಳಿದರಂತೆ: ನಮ್ಮ ಕುಪ್ಪಳಿ ಪುಟ್ಟಪ್ಪನವರು ವೈಸ್ ಚಾನ್ಸಲರ್ ಆದರು.

‘ಅಂದ್ರೆ ಎಂತದು? ಅಮಲ್ದಾರ್ರಿಗಿಂತ ಮೇಲಾ?’

‘ಮೇಲೆ ಅಪ್ಪಯ್ಯ.’

‘ವರ್ಗ ಉಂಟಾ?’

‘ಇಲ್ಲ. ಮೈಸೂರಲ್ಲೇ.’

‘ಹಂಗಾರೆ ಒಳ್ಳೆ ಕೆಲ್ಸ,’ ಎಂದು ಅಜ್ಜಯ್ಯ ಎಲೆಯಡಿಕೆ ಮಡಚಿ ಬಾಯಿಗಿಟ್ಟು, ‘ಅಂತೂ ಪದ್ಯ ಬರಿಯೋದು ಬಿಟ್ರಲ, ತಾಯಿ ಹೊಟ್ಟೆ ತಣ್ಣಗಾತು,’ ಎಂದರಂತೆ.

ಪದ್ಯ ಅಷ್ಟರಲ್ಲಿ ಎಲ್ಲಿಂದೆಲ್ಲಿಗೆ ಹೋಗಿತ್ತೆಂಬುದು ಅಜ್ಜಯ್ಯನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಕುಪ್ಪಳಿಯ ಹುಡುಗ ತೀರ್ಥಹಳ್ಳಿಯಲ್ಲಿ ಓದಿ ಮೈಸೂರಿಗೆ ಹೋಗಿ 1922ರಲ್ಲಿ ಅಚ್ಚು ಮಾಡಿಸಿದ ಮೊದಲ ಪದ್ಯಗಳು ಇಂಗ್ಲಿಷಿನವು. ಎರಡು ವರ್ಷದ ಮೇಲೆ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಬಾರದೇಕೆ ಎಂದು ಕೇಳಿದರು. ಕನ್ನಡದಲ್ಲಿ ಬರೆಯಪ್ಪಾ ಎಂದು ಹೇಳಲು ಸಮುದ್ರ ದಾಟಿ ಒಬ್ಬರು ಬರಬೇಕಾಯಿತು. ಆಗ ನಮ್ಮ ಪರಿಸ್ಥಿತಿ ಹಾಗಿತ್ತು. 1927ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ., 1929ರಲ್ಲಿ ಕನ್ನಡ ಎಂ.ಎ., ಅದೇ ವರ್ಷ ಅದೇ ಕಾಲೇಜಿನಲ್ಲಿ ಅಧ್ಯಾಪಕ. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೆಲವು ವರ್ಷ. 1946ರಲ್ಲಿ ಪ್ರಾಧ್ಯಾಪಕರಾಗಿ ಮತ್ತೆ ಮಹಾರಾಜಾಕ್ಕೆ. 1955ರಲ್ಲಿ ಅಲ್ಲಿಗೇ ಪ್ರಿನ್ಸಿಪಾಲರು. ಅದೇ ವರ್ಷ ‘ಶ್ರೀ ರಾಮಾಯಣ ದರ್ಶನಂ’ಗೆ ಸಾಹಿತ್ಯ ಅಕಾಡೆಮಿ ಬಹುಮಾನ. ಮರುವರ್ಷ ಉಪಕುಲಪತಿ. 1916ರ ಜುಲೈನಲ್ಲಿ ಶುರುವಾದ ಆ ವಿಶ್ವವಿದ್ಯಾನಿಲಯದಲ್ಲೇ ಓದಿ, ಅದರ ಉಪಕುಲಪತಿಯಾದವರಲ್ಲಿ ಅವರೇ ಮೊದಲಿಗರು.

ಇಲ್ಲಿ ನನಗೆ ಯಾವಾಗಲೂ ಸಣ್ಣ ನಗು ಬರುತ್ತದೆ. ತುಂಗೆ ಶೃಂಗೇರಿಯಿಂದ ಇಳಿದು, ಹರಿಹರಪುರ ಹಾದು, ತೀರ್ಥಹಳ್ಳಿಗೆ ಹೋಗುತ್ತಾಳೆ. ಆ ಹೊಳೆಯ ಮೇಲೆ ಸಾಲಾಗಿ ಹಾರಿದ ಬೆಳ್ಳಕ್ಕಿಗಳನ್ನು ಕಂಡು, ಇದು ದೇವರು ತನ್ನ ಚಿತ್ರಕ್ಕೆ ಹಾಕಿದ ರುಜು ಎಂದು ಪದ್ಯ ಬರೆದವರು ಇವರು. ಅಂಥವರ ಮುಂದೆ ಈಗ ಯಾರದೋ ರಜೆ ಅರ್ಜಿ, ಯಾರದೋ ಪ್ರಯಾಣಭತ್ಯೆ, ಪರೀಕ್ಷಾ ಮಂಡಲಿಯ ನಡಾವಳಿ, ಬೆಂಚು ಕೊಂಡದ್ದರ ಬಿಲ್ಲು. ರುಜು, ರುಜು, ರುಜು. ಆಗ ಬೆಂಗಳೂರಿಗೂ ಬೇರೆ ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1964ರಲ್ಲಿ. ಹಳೇ ಮೈಸೂರು ಸೀಮೆಯ ಅಷ್ಟೂ ಕಾಲೇಜುಗಳ ಹೊರೆ ಮೈಸೂರಿನ ಆ ಒಂದು ಮೇಜಿನ ಮೇಲೆ. ದೇವರಾದರೋ ಒಂದು ಸಲ ಹಾಕಿ ಸುಮ್ಮನಾಗಬಹುದು. ಉಪಕುಲಪತಿಗೆ ಆ ಸೌಕರ್ಯ ಇಲ್ಲ.

ಚಿಕ್ಕಯ್ಯನ ದೂರೂ ಇದೇ. ಆ ನಾಲ್ಕು ವರ್ಷ ಫೈಲು ನೋಡಿದ್ದರಿಂದ ಕನ್ನಡಕ್ಕೆ ಒಂದು ಕಾದಂಬರಿ ನಷ್ಟವಾಯಿತು ಎಂದು ಅವರು ಅಡಿಕೆ ರೇಟು ಬಿದ್ದಷ್ಟೇ ಸಂಕಟದಿಂದ ಹೇಳುತ್ತಿದ್ದರು. ‘ಕಾನೂರು ಹೆಗ್ಗಡಿತಿ’ ಬಂದದ್ದು 1936, ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967. ನಡುವೆ ಮೂವತ್ತೊಂದು ವರ್ಷ ಏನಾಯಿತು ಲೆಕ್ಕ ಕೊಡಿ ಎನ್ನುವ ಧಾಟಿ. ಸಾಹಿತ್ಯ ಗೊತ್ತಿರುವವರು ಆಡುವ ಮಾತೇ ಇದು. ಕುರ್ಚಿ ಕವಿಯನ್ನು ಕೆಡಿಸುತ್ತದೆ ಎಂಬುದು ನಮ್ಮಲ್ಲಿ ನೂರಕ್ಕೆ ತೊಂಬತ್ತು ಸಲ ನಿಜವೂ ಹೌದು. ಕುರ್ಚಿ ಸಿಕ್ಕಿದ ಮೇಲೆ ಪದ್ಯ ಶುರು ಮಾಡಿದವರನ್ನು ಬೇರೆ ಕಂಡಿದ್ದೇವೆ, ಅದು ಇನ್ನೂ ಕಷ್ಟ.

ಆದರೆ ಈ ಒಂದು ವ್ಯಾಜ್ಯದಲ್ಲಿ ನಾನು ಕುರ್ಚಿಯ ಪರ.

ಮೊದಲನೆಯ ಸಾಕ್ಷಿ ಮಾನಸಗಂಗೋತ್ರಿ. ಅಲ್ಲಿಯವರೆಗೆ ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡ ಓದು ಎರಡು ಊರಲ್ಲಿ ಹಂಚಿಹೋಗಿತ್ತು. ವಿಜ್ಞಾನ ಬೇಕಾದವನು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ, ಚರಿತ್ರೆ ಸಾಹಿತ್ಯ ಬೇಕಾದವನು ಮೈಸೂರಿನ ಮಹಾರಾಜಾ ಕಾಲೇಜಿಗೆ. ಎಲ್ಲ ಸ್ನಾತಕೋತ್ತರ ವಿಭಾಗಗಳೂ ಒಂದೇ ಕಡೆ ಇರಲಿ ಎಂದು ಕುಕ್ಕರಹಳ್ಳಿ ಕೆರೆಯ ಆಚೆ ದಡದ ಬಯಲಲ್ಲಿ ಹೊಸ ಆವರಣ ಕಟ್ಟಲು ಹೊರಟು, ಅದಕ್ಕೆ ಹೆಸರಿಟ್ಟವರೂ ಅವರೇ. ಕ್ರಾಫರ್ಡ್ ಹಾಲಿನ ಆಡಳಿತ ಕಚೇರಿ ಈಚೆ, ಓದು ಆಚೆ, ನಡುವೆ ಕೆರೆ. ಆಡಳಿತಕ್ಕೂ ವಿದ್ಯೆಗೂ ನಡುವೆ ಒಂದು ಕೆರೆಯಷ್ಟಾದರೂ ಅಂತರ ಇರಬೇಕೆಂದು ಯಾರೂ ಯೋಜನೆ ಹಾಕಿರಲಾರರು. ಆದರೂ ಚೆನ್ನಾಗಿಯೇ ಬಿದ್ದಿದೆ.

ನಾನು ಎಪ್ಪತ್ತರ ದಶಕದ ಕೊನೆಗೆ ಅಲ್ಲಿಗೆ ಎಂ.ಎ. ಓದಲು ಹೋದವನು. ಏಳುನೂರು ಎಕರೆಗೂ ಮಿಕ್ಕ ಜಾಗ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಮರ, ಮರದಲ್ಲಿ ಹಕ್ಕಿ. ಊರು ಬಿಟ್ಟು ಬಂದಂತೆಯೇ ಅನ್ನಿಸಲಿಲ್ಲ. ಮಳೆ ನಿಂತ ಮೇಲೆ ಹುಲ್ಲಿನಲ್ಲಿ ನಡೆದುಬಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಪ್ಯಾಂಟು ಮಡಚಿ ಹಿಮ್ಮಡಿ, ಬೆರಳ ಸಂದು ಎಲ್ಲ ನೋಡಿಕೊಳ್ಳುತ್ತಿದ್ದೆ. ಬಯಲುಸೀಮೆಯ ಸಹಪಾಠಿಗಳಿಗೆ ಇದು ಎಂತದೋ ಸಂಧ್ಯಾವಂದನೆಯ ಭಾಗ ಅನ್ನಿಸಿತ್ತು. ಕಾಲಿಗೆ ಹತ್ತಿದ ಇಂಬಳ ಹುಡುಕುವುದು ಎಂದರೆ ಅವರಿಗೆ ನಂಬಿಕೆಯಿಲ್ಲ. ಒಂದು ಇಂಬಳವೂ ಇಲ್ಲದ ಕಾಡು ನೋಡಿ ನನಗೂ ನಂಬಿಕೆ ಬರಲಿಲ್ಲ.

ಕುವೆಂಪು ಆಗ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿಯೇ ಇದ್ದರು. ನಾನು ಮೈಸೂರಿಗೆ ಹೊರಡುವಾಗ ಚಿಕ್ಕಯ್ಯ ಒಂದು ಜಾಡಿ ಮಿಡಿ ಉಪ್ಪಿನಕಾಯಿಯನ್ನು ಬಟ್ಟೆ ಕಟ್ಟಿ ಕೈಗೆ ಕೊಟ್ಟಿದ್ದರು. ‘ಅವ್ರಿಗೆ ಕೊಡು. ತವರು ತಾಲ್ಲೂಕಿಂದು ಅಂತ ಹೇಳು, ಸಾಕು.’ ಜಾಡಿ ಹಿಡಿದು ಗೇಟಿನ ತನಕ ಹೋದೆ. ಗಿಡಮರಗಳ ನಡುವೆ ಮನೆ ಶಾಂತವಾಗಿತ್ತು. ‘ರಾಮಾಯಣ ದರ್ಶನಂ’ ಬರೆದವರ ಬಾಗಿಲು ತಟ್ಟಿ ಉಪ್ಪಿನಕಾಯಿ ನೀಡುವಾಗ ಏನೆಂದು ಮಾತು ಶುರು ಮಾಡಬೇಕೆಂಬುದು ಹೊಳೆಯದೆ ಹಾಸ್ಟೆಲಿಗೆ ಬಂದೆ. ಚಿತ್ರದುರ್ಗದವನೊಬ್ಬ, ಕೋಲಾರದವನೊಬ್ಬ ಸೇರಿ ಅದನ್ನು ವಾರದೊಳಗೆ ತಳ ಕಾಣಿಸಿದರು. ‘ಜಾಡಿ ತಲುಪಿತು’ ಎಂದು ಚಿಕ್ಕಯ್ಯನಿಗೆ ಕಾಗದ ಬರೆದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ.

ಎರಡನೆಯ ಸಾಕ್ಷಿ ಜಗಳದ್ದು. ಕಾಲೇಜಿನಲ್ಲಿ ಕನ್ನಡದಲ್ಲೇ ಪಾಠ ಹೇಳಬೇಕು, ವಿಜ್ಞಾನವನ್ನೂ ಹೇಳಬೇಕು ಎಂದು ಕುವೆಂಪು ಹಿಡಿದ ಹಟ. ಇಂಗ್ಲಿಷನ್ನು ಬೇಕಾದವರು ಭಾಷೆಯಾಗಿ ಕಲಿಯಲಿ, ಆದರೆ ಹಳ್ಳಿಯ ಹುಡುಗನ ತಲೆಯ ಮೇಲೆ ಕಡ್ಡಾಯವಾಗಿ ಹೊರಿಸಬೇಡಿ ಎಂಬುದು ಅವರ ನಿಲುವು. ವಿರೋಧಿಸಿದವರೇನೂ ಸಾಮಾನ್ಯರಲ್ಲ, ದೊಡ್ಡ ದೊಡ್ಡ ವಿದ್ವಾಂಸರು. ಪದಗಳೆಲ್ಲಿವೆ, ಪುಸ್ತಕಗಳೆಲ್ಲಿವೆ, ಹೇಳುವ ಮೇಷ್ಟರೆಲ್ಲಿ ಎಂದರು. ಪುಸ್ತಕ ಇಲ್ಲದೆ ಪಾಠ ಇಲ್ಲ, ಪಾಠ ಇಲ್ಲದೆ ಪುಸ್ತಕ ಇಲ್ಲ. ಈ ಸುತ್ತಿನಿಂದ ಹೊರಗೆ ಬರಲು ಯಾರಾದರೊಬ್ಬರು ಮೊದಲು ರುಜು ಹಾಕಬೇಕಿತ್ತು. ಅವರು ಹಾಕಿದರು. ಕನ್ನಡ ಮಾಧ್ಯಮಕ್ಕೆ ಬಾಗಿಲು ತೆರೆಯಿತು, ಪಠ್ಯಪುಸ್ತಕ ಬರೆಸುವ ಕೆಲಸ ಹಿಡಿಯಿತು, ವಿಶ್ವವಿದ್ಯಾನಿಲಯದ ಪ್ರಕಟಣೆಯ ಕೆಲಸಕ್ಕೆ ಪ್ರಸಾರಾಂಗದ ಮೂಲಕ ಹೊಸ ಕಸುವು ಬಂತು. ಈ ನಡುವೆಯೇ 1957ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು, 1958ರಲ್ಲಿ ಪದ್ಮಭೂಷಣ. 1960ರಲ್ಲಿ ನಿವೃತ್ತಿ.

ಪ್ರೊಫೆಸರುಗಳು ಊರೂರಿಗೆ ಹೋಗಿ ಮಾಡಿದ ಉಪನ್ಯಾಸಗಳನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಮಾಡಿ ಆಣೆಗಳ ಲೆಕ್ಕದಲ್ಲಿ ಮಾರುವ ಪದ್ಧತಿ ಮೈಸೂರಿನಲ್ಲಿ ಅವರಿಗಿಂತ ಮೊದಲೇ ಇತ್ತು. ಆ ಪುಣ್ಯ ಎಲ್ಲವೂ ಅವರದೆಂದು ಹೇಳಿದರೆ ಹಿಂದಿನವರಿಗೆ ಅನ್ಯಾಯ. ಅಂಥ ಪುಸ್ತಕಗಳು ಅಂಗೈಯಗಲ ಇರುತ್ತಿದ್ದವು, ಜುಬ್ಬದ ಜೇಬಿಗೆ ಹಿಡಿಯುತ್ತಿದ್ದವು. ಅಟ್ಟ ಗುಡಿಸುವಾಗ ನನಗೆ ಸಿಕ್ಕಿದ್ದು ಅವುಗಳಲ್ಲಿ ಒಂದು. ಹೊದಿಕೆಯನ್ನೂ ಮೊದಲ ಕೆಲವು ಹಾಳೆಗಳನ್ನೂ ಗೆದ್ದಲು ಓದಿ ಮುಗಿಸಿತ್ತು. ಆದ್ದರಿಂದ ಬರೆದವರಾರು, ಯಾವ ವರ್ಷದ್ದು ಯಾವುದೂ ಗೊತ್ತಾಗುವಂತಿಲ್ಲ. ವಿಷಯ ನಕ್ಷತ್ರಗಳು. ಹಾಳೆಗಳ ಬಲತುದಿಯಲ್ಲಿ, ತಿರುಗಿಸುವ ಕಡೆ, ಒಂದೊಂದು ಹಾಳೆಗೂ ಒಂದು ಕಗ್ಗೆಂಪು ಬೆರಳಚ್ಚು.

ಆ ಕೆಂಪು ಅಡಿಕೆಯ ಚೊಗರು. ಬೆಳೆ ಬಂದ ಕಾಲದಲ್ಲಿ ಜಗಲಿಯಲ್ಲಿ ಹೊತ್ತು ಮುಳುಗಿದ ಮೇಲೂ ಅಡಿಕೆ ಸುಲಿಯುತ್ತಿದ್ದರು. ಸುಲಿದದ್ದು ಅಂಗಳದ ಮೂಲೆಯ ಹಂಡೆಯಲ್ಲಿ ಬೇಯಬೇಕು, ಯಾರಾದರೊಬ್ಬರು ಉರಿ ನೋಡಿಕೊಳ್ಳುತ್ತ ಕೂರಬೇಕು. ಆ ಕೆಲಸ ಚಿಕ್ಕಯ್ಯ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮನೆಯವರೆಲ್ಲ ಅದನ್ನು ಶ್ರದ್ಧೆ ಎಂದುಕೊಂಡಿದ್ದೆವು. ಬೆಂಕಿಯ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಿದ್ದರೆಂದು ಈಗ ತಿಳಿಯಿತು. ಒಂದು ಪುಟದಲ್ಲಿ ನಕ್ಷತ್ರ ಎಷ್ಟು ದೂರ ಎಂಬ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ಅಬ್ಬ!’ ಎಂದು ಬರೆದಿದ್ದರು. ಇನ್ನೊಂದು ಪುಟದಲ್ಲಿ ಗುಣಾಕಾರ ಮಾಡಿ ನೋಡಿ, ಲೇಖಕರದ್ದು ಸರಿ ಎಂದು ಅಡ್ಡಗೆರೆ ಎಳೆದಿದ್ದರು. ಇಂಗ್ಲಿಷಿನಲ್ಲಿ ಫೇಲಾಗಿ ಮನೆಗೆ ಬಂದ ಮನುಷ್ಯ! ಆಕಾಶ ಅವರಿಗೆ ಬಾಗಿಲು ಹಾಕಿರಲಿಲ್ಲ.

ಅಟ್ಟದ ಅದೇ ಪೆಟ್ಟಿಗೆಯಲ್ಲಿ ‘ರಾಮಾಯಣ ದರ್ಶನಂ’ ಕೂಡ ಇತ್ತು, ಕುಂಕುಮ ಹಚ್ಚಿದ್ದು, ರಟ್ಟು ಮುಕ್ಕಾಗದ್ದು. ಹಾಳೆಗಳ ಮೇಲೆ ಚೊಗರಿನ ಸುಳಿವಿಲ್ಲ. ನನ್ನ ಚಿಕ್ಕಯ್ಯ ಕವಿಗೆ ಕೈಮುಗಿದರು, ಉಪಕುಲಪತಿಯನ್ನು ಓದಿದರು.

ಹುದ್ದೆ ಮನೆಯವರ ಮೇಲೆ ಪರಿಣಾಮ ಮಾಡುತ್ತದೆನ್ನುತ್ತಾರೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮಾಡಿ, ನೌಕರಿ ಬೇಡವೆಂದು ನಮ್ಮದೇ ಜಿಲ್ಲೆಯ ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದರು. ಉಪಕುಲಪತಿಗಳ ಮಗ ಕತ್ತಿ ಹಿಡಿದು ತೋಟಕ್ಕೆ ಇಳಿದ ಕಾಲದಲ್ಲೇ ತೋಟದವರ ಮಕ್ಕಳಾದ ನಾವು ಸರ್ಟಿಫಿಕೇಟು ಹಿಡಿದು ನೌಕರಿಗೆ ಓಡಿದೆವು. ಘಟ್ಟದ ರಸ್ತೆಯಲ್ಲಿ ಎಲ್ಲೋ ಎದುರುಬದುರಾಗಿ ದಾಟಿರಬೇಕು. ಅವರು ಬಂದದ್ದೇ ಸರಿಯಾದ ದಿಕ್ಕು ಎಂದು ನನಗೆ ಪಿಂಚಣಿ ಬರತೊಡಗಿದ ಮೇಲೆ ಧೈರ್ಯವಾಗಿ ಅನ್ನಿಸಿದೆ.

ಈ ತುಂಗೆಯ ದಂಡೆಯಲ್ಲಿ ಅಡಿಕೆ, ಮೆಣಸು ಬಿಟ್ಟರೆ ಉಪಕುಲಪತಿಗಳೂ ಒಂದು ಬೆಳೆ ಎಂದು ಚಿಕ್ಕಯ್ಯ ಹೇಳುತ್ತಿದ್ದುದರಲ್ಲಿ ಅರ್ಥವಿಲ್ಲದಿಲ್ಲ. ತೀರ್ಥಹಳ್ಳಿಯ ಬಳಿಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು 1987ರಲ್ಲಿ ಕೇರಳದ ಕೊಟ್ಟಾಯಂಗೆ ಹೋಗಿ ಮಹಾತ್ಮಾ ಗಾಂಧಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಅದೇ ವರ್ಷ ಶಿವಮೊಗ್ಗದ ಶಂಕರಘಟ್ಟದಲ್ಲಿ ಕುವೆಂಪು ಹೆಸರಿನ ವಿಶ್ವವಿದ್ಯಾನಿಲಯವೇ ಹುಟ್ಟಿತು. ಮುಂದೆ ಕವಿಯ ಅಳಿಯ ಚಿದಾನಂದಗೌಡರು ಅಲ್ಲಿ ಉಪಕುಲಪತಿಗಳಾದರು. ಚಿಕ್ಕಯ್ಯನಿಗೆ ಆಗ ಆದ ಸಂತೋಷ ಹೇಳತೀರದು. ‘ಅಳಿಯನ ಕೈಗೆ ಹೋತು ಅಂದ್ರೆ ಹೆಣ್ಣಿನ ಕಡೆಯೋರಿಗೂ ಹಕ್ಕುಂಟು ಅಂತಾತಲ! ಇನ್ನು ಹಿರೇಕೊಡಿಗೆಯೋರು ಕೇಳ್ಬೌದು.’

ಚಿಕ್ಕಮಗಳೂರು ಜಿಲ್ಲೆ ಆ ವಿಶ್ವವಿದ್ಯಾನಿಲಯಕ್ಕೇ ಸೇರುವುದರಿಂದ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವೀಧರರ ಮನೆಯಲ್ಲೆಲ್ಲ ಗೋಡೆಯ ಮೇಲೆ, ಗಾಜಿನ ಹಿಂದೆ, ಕುವೆಂಪು ಹೆಸರು ನೇತಾಡುತ್ತಿದೆ. ಹೆಸರೇನೋ ಮನೆಮನೆಗೆ ಬಂತು. ಹಟ ಅಷ್ಟು ದೂರ ಬರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮನೆಯ ಮುಂದೆ ಹಳದಿ ವ್ಯಾನು ಹಾರ್ನು ಹೊಡೆಯುತ್ತದೆ; ಟೈ ಕಟ್ಟಿಕೊಂಡ ಮಕ್ಕಳು ‘ಬೈ ಅಜ್ಜಯ್ಯಾ’ ಎನ್ನುತ್ತ ಹತ್ತುತ್ತವೆ. ಕೆಲಸಗಾರರೇ ಸೇರಿ ಕಟ್ಟಿಕೊಂಡಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ದೊಡ್ಡವರು ಬಸ್ಸಿಗೆ ಕಾಯುತ್ತಾರೆ, ವ್ಯಾನು ಮಾತ್ರ ಒಂದು ದಿನವೂ ತಪ್ಪಿಲ್ಲ. ಮಕ್ಕಳನ್ನು ಹತ್ತಿಸುವವರ ಮೇಲೆ ಸಿಟ್ಟಾಗಲು ನನ್ನಿಂದಾಗದು. ಕನ್ನಡದಲ್ಲಿ ಓದಿದವನಿಗೆ ಸಿಕ್ಕುವ ಕೆಲಸ ಯಾವುದೆಂದು ಅವರು ಕೇಳಿದರೆ, ಮೇಷ್ಟರಾಗಿದ್ದ ನಾನು ನನ್ನನ್ನೇ ತೋರಿಸಬೇಕು. ಅದಕ್ಕೆ ಅವರು ನಗುತ್ತಾರೆ.

ಮೊನ್ನೆ ದೀಪಾವಳಿಗೆ ಕೊನೆಯ ತಮ್ಮನ ಮಗಳು ಬಂದಿದ್ದಳು. ಕುವೆಂಪು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಓದುತ್ತಿದ್ದಾಳೆ, ಭೌತಶಾಸ್ತ್ರ, ಎಲ್ಲ ಇಂಗ್ಲಿಷಿನಲ್ಲಿ. ಜಗಲಿಯ ಮೇಲೆ ಬಿಸಿಲಿಗೆ ಇಟ್ಟಿದ್ದ ಚಿಕ್ಕಯ್ಯನ ಪುಸ್ತಕ ಕಣ್ಣಿಗೆ ಬಿತ್ತು.

‘ಇದೇನು ದೊಡ್ಡಯ್ಯ, ಸ್ಟಾರ್ಸ್ ಬಗ್ಗೆನಾ?’ ಎಂದು ಎತ್ತಿಕೊಂಡಳು. ಒಂದು ಸಾಲು ಗಟ್ಟಿಯಾಗಿ ಓದಿದಳು, ಎರಡನೆಯದರಲ್ಲಿ ಎಡವಿದಳು. ಒತ್ತಕ್ಷರಗಳು ಸಣ್ಣವು, ಮಸಿ ಬೇರೆ ಮಾಸಿದೆ. ಮೊಬೈಲು ತೆಗೆದು ಕ್ಯಾಮರಾವನ್ನು ಪುಟದ ಮೇಲೆ ಹಿಡಿದಳು. ಕನ್ನಡದ ಸಾಲುಗಳು ಒಮ್ಮೆ ನಡುಗಿ, ಅದೇ ಜಾಗದಲ್ಲಿ ಇಂಗ್ಲಿಷ್ ಆಗಿ ನಿಂತವು. ಯಾರೋ ಪ್ರೊಫೆಸರು ಇಂಗ್ಲಿಷಿನಲ್ಲಿ ಓದಿ, ಪದಕ್ಕೆ ಪದ ಹುಡುಕಿ, ಎಷ್ಟೋ ರಾತ್ರಿ ಕೂತು ಕನ್ನಡಕ್ಕೆ ಇಳಿಸಿದ್ದು ಕಣ್ಣು ಮಿಟುಕಿಸುವುದರೊಳಗೆ ಹಳೇ ಊರಿಗೆ ವಾಪಸಾಯಿತು. ಚಿಕ್ಕಯ್ಯನ ಬೆರಳಚ್ಚಿನ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಪದ ಮಾತ್ರ ಕನ್ನಡದಲ್ಲೇ ಉಳಿಯಿತು, ಯಂತ್ರಕ್ಕೆ ಚೊಗರು ಓದಲು ಬರಲಿಲ್ಲ.

ನಾನು ಏನಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ, ‘ಎಷ್ಟು ಚೆಂದ ವಿವರಿಸಿದಾರೆ ದೊಡ್ಡಯ್ಯ! ನಮ್ ಟೆಕ್ಸ್ಟ್ ಬುಕ್ಕಲ್ಲಿ ಇಷ್ಟು ಬಿಡಿಸಿ ಹೇಳಿಲ್ಲ,’ ಎಂದಳು. ಆಮೇಲೆ ‘ಅಬ್ಬ!’ ಕಂಡು, ‘ಇದ್ಯಾರು ಬರ್ದಿದ್ದು?’ ಎಂದು ಕೇಳಿದಳು. ನಿನ್ನ ಚಿಕ್ಕಜ್ಜಯ್ಯ ಎಂದೆ. ಅವರು ಏನು ಓದಿದ್ದರು ಎಂದಳು. ಇಂಟರ್‌ಮೀಡಿಯೆಟ್ ಫೇಲು ಎಂದೆ. ಲೆಕ್ಕ ಮಾಡಿದ್ದ ಪುಟವನ್ನು ತೋರಿಸಿದೆ. ಅವಳು ಫೋನಿನಲ್ಲೇ ಗುಣಾಕಾರ ಮಾಡಿ ನೋಡಿದಳು.

‘ಕರೆಕ್ಟಾಗಿದೆ. ನೀವೊಂದು ಕಡೆ ಹಿಡ್ಕೊಳ್ಳಿ ದೊಡ್ಡಯ್ಯ, ಕೈ ನಡುಗಿದ್ರೆ ಸರಿ ಬರಲ್ಲ. ಹೂಂ, ಮುಂದಿನ ಪುಟ.’

ನಾನು ಹಾಳೆ ತಿರುಗಿಸಿದೆ.